ಪಾಚಿಯ ಪುಡಿ, ಪಾಚಿಯ ಪ್ರೋಟೀನ್: ಶಿಡ್ಲಘಟ್ಟ ಕಡೆಯ ಒಂದು ಪ್ರಕರಣ

ಇಲ್ಲಿ ಬರುವ ಕುಟುಂಬ ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ಕಡೆಯದು. ಹೆಸರುಗಳನ್ನೂ ಗುರುತು ಹತ್ತುವಂಥ ವಿವರಗಳನ್ನೂ ಬದಲಿಸಿದ್ದೇನೆ. ಯುವಕನನ್ನು ಮಂಜುನಾಥ ಎಂದೂ ಅವನ ಅಕ್ಕನ ಮಗಳನ್ನು ಪವಿತ್ರಾ ಎಂದೂ ಕರೆಯುತ್ತೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ. ನಾನು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಚಿಕಿತ್ಸೆಯ ತೀರ್ಮಾನಗಳೆಲ್ಲ ಕಣ್ಣಿನ ವೈದ್ಯರವು. ಒಂದು ವೈಜ್ಞಾನಿಕ ಸುದ್ದಿಯನ್ನು ಈ ಕುಟುಂಬಕ್ಕೆ ಬಿಡಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಇಂಥದೇ ಕೆಲಸ ನಾಳೆ ಇನ್ನೊಬ್ಬ ಶಿಕ್ಷಕರಿಗೆ, ಆಶಾ ಕಾರ್ಯಕರ್ತೆಗೆ, ಕಣ್ಣಿನ ಶಿಬಿರ ನಡೆಸುವವರಿಗೆ ಬರಬಹುದು. ಅವರಿಗಾಗಿ ಇದನ್ನು ದಾಖಲಿಸುತ್ತಿದ್ದೇನೆ.

ಹಿನ್ನೆಲೆ

ಮಂಜುನಾಥನಿಗೆ ಮೂವತ್ತರ ಆಸುಪಾಸು. ಮನೆಯವರದು ಸಣ್ಣ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕ, ಜೊತೆಗೆ ಒಂದಿಷ್ಟು ಹಿಪ್ಪುನೇರಳೆ ತೋಟ. ತಂದೆ ಮದುವೆಯಾದದ್ದು ಸ್ವಂತ ಅಕ್ಕನ ಮಗಳನ್ನು. ನಮ್ಮ ಕಡೆ ಇದು ಅಪರೂಪವೇನಲ್ಲ. ಚಿಕ್ಕಂದಿನಿಂದಲೂ ಮಂಜುನಾಥನಿಗೆ ಇರುಳುಗುರುಡು ಇತ್ತು. ತಾಯಿ ನುಗ್ಗೆಸೊಪ್ಪು, ಕ್ಯಾರೆಟ್, ಪಪ್ಪಾಯಿ ಎಂದು ಯಾರು ಏನು ಹೇಳಿದರೂ ತಪ್ಪದೆ ತಿನ್ನಿಸಿದರು. ವಿಟಮಿನ್ ಎ ಕೊರತೆಯಿಂದ ಬರುವ ಇರುಳುಗುರುಡು ಅಂಥ ಆಹಾರದಿಂದ ವಾಸಿಯಾಗುವುದು ನಿಜ. ಇವನದು ವಾಸಿಯಾಗಲಿಲ್ಲ.

ಕಷ್ಟ ಎದ್ದು ಕಂಡದ್ದು ಬೇಸಿನ್ ಮುಂದೆ. ಬಿಸಿನೀರಿನಲ್ಲಿ ತೇಲುವ ಗೂಡುಗಳಿಂದ ಎಳೆಯ ತುದಿ ಹುಡುಕಿ, ನಾಲ್ಕಾರು ಗೂಡುಗಳ ಎಳೆಗಳನ್ನು ಒಟ್ಟುಗೂಡಿಸಿ ರಾಟೆಗೆ ಕೊಡುವುದು ಸೂಕ್ಷ್ಮ ಕಣ್ಣಿನ ಕೆಲಸ. ಅದನ್ನು ಅವನು ಚೆನ್ನಾಗಿಯೇ ಮಾಡುತ್ತಿದ್ದ. ಕೂದಲಿಗಿಂತ ತೆಳ್ಳಗಿನ ಎಳೆ ಕಾಣುತ್ತಿತ್ತು; ಮಗ್ಗುಲಲ್ಲೇ ಇದ್ದ, ಗೂಡು ಬೇಯಿಸುವ ಪಾತ್ರೆ ಕಾಣುತ್ತಿರಲಿಲ್ಲ. ಮೊಣಕೈ ಸುಟ್ಟುಕೊಂಡಾಗ ಮನೆಯವರು ಅಜಾಗರೂಕತೆ ಎಂದು ಬೈದರು. ಎರಡನೆಯ ಸಲ ಸುಟ್ಟಾಗ ಪವಿತ್ರಾ ಹಟ ಹಿಡಿದು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದಳು.

ಅಲ್ಲಿ ರೆಟಿನೈಟಿಸ್ ಪಿಗ್ಮೆಂಟೋಸಾ ಎಂದರು. ಜಗತ್ತಿನಲ್ಲಿ ಸುಮಾರು 4,000 ಜನರಲ್ಲಿ ಒಬ್ಬರಿಗೆ ಇರುವ, ಹುಟ್ಟಿನಿಂದಲೇ ಜೀನ್‌ಗಳಲ್ಲಿ ಬರುವ ಕಾಯಿಲೆ ಇದು. ಕಣ್ಣಿನ ಹಿಂಭಾಗದ ರೆಟಿನಾದಲ್ಲಿ ಮಂದ ಬೆಳಕಿಗೆ ಸ್ಪಂದಿಸುವ ದಂಡಕೋಶಗಳು ಮೊದಲು ಸಾಯುತ್ತವೆ, ಹಾಗಾಗಿ ರಾತ್ರಿ ಕಾಣುವುದಿಲ್ಲ. ಆಮೇಲೆ ಬದಿಯ ನೋಟ ಕುಗ್ಗುತ್ತ ಬಂದು ನಡುವಿನ ನೋಟ ಮಾತ್ರ ಉಳಿಯುತ್ತದೆ. ಕೊನೆಗೆ ಹಗಲಿನ ನೋಟಕ್ಕೂ ಬಣ್ಣ ತಿಳಿಯಲೂ ಬೇಕಾದ ಶಂಕುಕೋಶಗಳೂ ಸಾಯುತ್ತವೆ. ಜನಸಂದಣಿಯ ಹೊರರೋಗಿ ವಿಭಾಗದಲ್ಲಿ ಇದಿಷ್ಟನ್ನು ಹೇಳಲು ಯಾರಿಗೂ ಪುರಸತ್ತಿರಲಿಲ್ಲ. "ಇದಕ್ಕೆ ಔಷಧಿ ಇಲ್ಲ, ವರ್ಷಕ್ಕೊಮ್ಮೆ ಬನ್ನಿ" ಎಂಬ ಎರಡು ಮಾತಿನೊಂದಿಗೆ ಅವರು ಮನೆಗೆ ಮರಳಿದರು.

ಸಮಸ್ಯೆ

ಔಷಧಿ ಇಲ್ಲ ಎಂಬ ಮಾತು ಬಿಟ್ಟುಹೋದ ಖಾಲಿ ಜಾಗಕ್ಕೆ ಮೊಬೈಲ್‌ನಲ್ಲಿ ಒಂದು ವಿಡಿಯೊ ಬಂತು. ಹಸಿರು ಪಾಚಿಯಿಂದ ಕುರುಡನೊಬ್ಬನಿಗೆ ದೃಷ್ಟಿ ಮರಳಿತು ಎಂಬ ಸುದ್ದಿ, ಅದರ ಕೆಳಗೇ ಪಾಚಿ ಪುಡಿಯ ಜಾಹೀರಾತು. ಪುಡಿ ಸ್ಪಿರುಲಿನಾ. ತಿಂಗಳ ಖರ್ಚು ಮನೆಯ ಒಬ್ಬ ಕೆಲಸಗಾರನ ವಾರದ ಕೂಲಿಯಷ್ಟು. ಒಂದು ವರ್ಷಕ್ಕೂ ಹೆಚ್ಚು ಕಾಲ ತರಿಸಿದರು. ಪುಡಿ ತಿನ್ನುವಾಗ ಬೇರೆ ವೈದ್ಯರಲ್ಲಿ ಹೋಗುವುದು ಬೇಡ ಎಂದು ಮಾರುವವನು ಹೇಳಿದ್ದರಿಂದ ವರ್ಷದ ತಪಾಸಣೆಯೂ ತಪ್ಪಿತು.

ಪವಿತ್ರಾ ನನ್ನ ಹಳೆಯ ವಿದ್ಯಾರ್ಥಿನಿ. ಆ ವಿಡಿಯೊ ಹಿಡಿದು ಬಂದು ಕೇಳಿದಳು: "ಮೇಡಂ, ಪಾಚಿಯಿಂದ ಕಣ್ಣು ಬಂದದ್ದು ಸುಳ್ಳೇ?"

ಸುಳ್ಳಾಗಿದ್ದರೆ ನನ್ನ ಕೆಲಸ ಸುಲಭವಿತ್ತು. ಸುದ್ದಿ ನಿಜ. 2021ರಲ್ಲಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟವಾದ ವರದಿ ಅದು. ಜೋಸೆ-ಅಲೆನ್ ಸಾಹೆಲ್ ಮತ್ತು ಬೊಟೊಂಡ್ ರೊಸ್ಕಾ ಅವರ ತಂಡ, ಇದೇ ಕಾಯಿಲೆಯಿಂದ ದೃಷ್ಟಿ ಕಳೆದುಕೊಂಡಿದ್ದ 58 ವರ್ಷದ ವ್ಯಕ್ತಿಗೆ ಪಾಚಿ ಮೂಲದ ಪ್ರೋಟೀನ್ ಒಂದರ ಜೀನ್ ಕೊಟ್ಟು, ಅವರು ಮೇಜಿನ ಮೇಲಿನ ವಸ್ತುಗಳನ್ನು ಗುರುತಿಸಿ ಮುಟ್ಟುವಂತೆ ಮಾಡಿತ್ತು. ನಿಜವಾದ ಸುದ್ದಿಗೆ ಸಂಬಂಧವಿಲ್ಲದ ಪುಡಿಯನ್ನು ಅಂಟಿಸಿದ್ದರು. ಸುದ್ದಿಯನ್ನು ಅಲ್ಲಗಳೆದರೆ ನಾನು ಸುಳ್ಳು ಹೇಳಿದಂತೆ. ಒಪ್ಪಿದರೆ ಪುಡಿಯನ್ನೂ ಒಪ್ಪಿದಂತೆ ಅವರಿಗೆ ಕೇಳಿಸುವ ಅಪಾಯ.

ಊರಿನ ಆರೋಗ್ಯ ಕಾರ್ಯಕರ್ತೆ ಮೊದಲೇ "ಅದೆಲ್ಲ ಮೋಸ, ನಿಲ್ಲಿಸಿ" ಎಂದಿದ್ದರು. ಪವಿತ್ರಾಳ ತಂದೆಯೂ ಜಗಳವಾಡಿದ್ದರು. ಪುಡಿ ನಿಂತಿರಲಿಲ್ಲ. ಬೇಡ ಎನ್ನುವವರಲ್ಲಿ ಯಾರೂ ಆ ವಿಡಿಯೊದಲ್ಲಿ ಆದದ್ದೇನು ಎಂದು ಹೇಳಿರಲಿಲ್ಲ, ಮಾರುವವನು ಹೇಳಿದ್ದ. ಈ ಒಂದು ಸಂಗತಿ ನನ್ನ ದಾರಿಯನ್ನು ತೀರ್ಮಾನಿಸಿತು. ಪುಡಿಯ ಮಾತೇ ಎತ್ತದೆ, ಪಾಚಿಯೊಳಗಿನ ಆ ಪ್ರೋಟೀನ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಇಡೀ ಮನೆಗೆ ಪೂರ್ತಿಯಾಗಿ ಹೇಳುವುದು ಎಂದುಕೊಂಡೆ.

ವಿವರಣೆ

ಘಟಕದ ಕೆಲಸ ಮುಗಿದ ಮೇಲೆ, ಜಗಲಿಯಲ್ಲಿ ಕೂತು ಮಾತಾಡಿದೆವು. ತಾಯಿ, ತಂದೆ, ಮಂಜುನಾಥ, ಅವನ ದೊಡ್ಡಕ್ಕ, ಪವಿತ್ರಾ.

ಶುರು ಮಾಡಿದ್ದು ಪಾಚಿಯಿಂದ. ಕ್ಲಾಮಿಡೊಮೊನಾಸ್ ಎಂಬುದು ಒಂದೇ ಜೀವಕೋಶದ ಹಸಿರು ಪಾಚಿ, ಅಗಲ ಸುಮಾರು 10 ಮೈಕ್ರೊಮೀಟರ್, ಅಂದರೆ ಒಂದು ಮಿಲಿಮೀಟರಿನ ನೂರನೇ ಒಂದು ಭಾಗ. ಚಾವಟಿಯಂಥ ಎರಡು ಕಶಾಂಗಗಳನ್ನು ಬೀಸುತ್ತ ನೀರಿನಲ್ಲಿ ಈಜುತ್ತದೆ. ಪಕ್ಕದಲ್ಲಿ ಕಿತ್ತಳೆ ಬಣ್ಣದ ಒಂದು ಕಣ್ಚುಕ್ಕೆ ಇದೆ. ಬೆಳಕು ಹಿತವಾಗಿದ್ದರೆ ಅತ್ತ ಹೋಗುತ್ತದೆ, ಪ್ರಖರವಾದರೆ ತಪ್ಪಿಸಿಕೊಳ್ಳುತ್ತದೆ. ಮಿದುಳಿಲ್ಲ, ನರವಿಲ್ಲ; ಆದರೂ ಬೆಳಕಿನ ದಿಕ್ಕು ತಿಳಿಯುತ್ತದೆ. ಇದು ಹೇಗೆ ಎಂದು ಹುಡುಕಿದವರಲ್ಲಿ ಜರ್ಮನಿಯ ಪೀಟರ್ ಹೆಗೆಮನ್ ಮುಖ್ಯರು. ಬೆಳಕು ಬಿದ್ದ ತಕ್ಷಣ ಕಣ್ಚುಕ್ಕೆಯ ಜಾಗದಲ್ಲಿ ವಿದ್ಯುತ್ ಪ್ರವಾಹ ಏಳುವುದನ್ನು ಅವರು ಮತ್ತು ಹಾರ್ಟ್‌ಮುಟ್ ಹಾರ್ಜ್ 1991ರಲ್ಲಿ ತೋರಿಸಿದರು. ಆ ಪ್ರವಾಹಕ್ಕೆ ಕಾರಣವಾದ ಪ್ರೋಟೀನ್‌ಗಳನ್ನು 2002 ಮತ್ತು 2003ರಲ್ಲಿ ಗಿಯೋರ್ಗ್ ನಾಗೆಲ್, ಹೆಗೆಮನ್, ಅರ್ನ್ಸ್ಟ್ ಬಾಂಬರ್ಗ್ ಇದ್ದ ತಂಡ ಕಪ್ಪೆಯ ಅಂಡಕೋಶದಲ್ಲಿ ಇಟ್ಟು ಪರೀಕ್ಷಿಸಿತು. ಚಾನೆಲ್‌ರೊಡಾಪ್ಸಿನ್ ಎಂದು ಹೆಸರಿಟ್ಟರು.

ಪ್ರತಿ ಜೀವಕೋಶದ ಸುತ್ತಲೂ ಕೊಬ್ಬಿನ ತೆಳು ಕೋಶಪೊರೆ ಇರುತ್ತದೆ. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಇವುಗಳ ವಿದ್ಯುದಾವೇಶವುಳ್ಳ ಕಣಗಳು, ಅಂದರೆ ಅಯಾನುಗಳು, ಅದನ್ನು ತಾವಾಗಿ ದಾಟಲಾರವು. ಚಾನೆಲ್‌ರೊಡಾಪ್ಸಿನ್ ಏಳು ಸುರುಳಿಗಳಾಗಿ ಆ ಪೊರೆಯನ್ನು ಅಡ್ಡಹಾಯ್ದು ನಿಂತಿರುತ್ತದೆ. ಸುರುಳಿಗಳ ನಡುವೆ ಲೈಸಿನ್ ಎಂಬ ಅಮೈನೊ ಆಮ್ಲಕ್ಕೆ ಅಂಟಿಕೊಂಡು ರೆಟಿನಾಲ್ (retinal) ಎಂಬ ಸಣ್ಣ ಅಣು ಕೂತಿದೆ. ಬೆಳಕು ತಾಗುವುದು ಇದಕ್ಕೆ. 470 ನ್ಯಾನೊಮೀಟರ್ ಆಸುಪಾಸಿನ ತರಂಗಾಂತರದ ನೀಲಿ ಬೆಳಕಿನ ಒಂದು ಫೋಟಾನ್, ಅಂದರೆ ಬೆಳಕಿನ ಒಂದು ಕಣ, ಹೀರಿದ ರೆಟಿನಾಲ್ ತನ್ನ ಹದಿಮೂರನೆಯ ಇಂಗಾಲದ ಬಳಿ ಮಡಚಿಕೊಳ್ಳುತ್ತದೆ. ಆ ಸಣ್ಣ ಮಡಿಕೆಗೆ ಸುತ್ತಲ ಸುರುಳಿಗಳು ಜರುಗುತ್ತವೆ, ಒಳಗಿನ ಅಡೆಗಳು ಸರಿಯುತ್ತವೆ, ನೀರು ನುಗ್ಗಿ ಪೊರೆಯ ಆಚೆಯಿಂದ ಈಚೆಗೆ ಒಂದು ದಾರಿ ಆಗುತ್ತದೆ. ಆ ದಾರಿಯಲ್ಲಿ ಧನ ಆವೇಶದ ಅಯಾನುಗಳು ಹಾಯುತ್ತವೆ. ಬೆಳಕು ನಿಂತ ಕೆಲವೇ ಮಿಲಿಸೆಕೆಂಡುಗಳಲ್ಲಿ ದಾರಿ ಮುಚ್ಚುತ್ತದೆ. ರೆಟಿನಾಲ್ ಅಲ್ಲಿಯೇ ಇದ್ದು ಕತ್ತಲಲ್ಲಿ ತಾನಾಗಿ ಮೊದಲಿನ ಆಕಾರಕ್ಕೆ ಮರಳುತ್ತದೆ.

ಕ್ಯಾಲೆಂಡರಿನ ಹಿಂಬದಿಯಲ್ಲಿ ನಾನು ಬರೆದ ಚಿತ್ರವನ್ನು ತಂದೆ ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದ ಪ್ರಶ್ನೆಯನ್ನು ನಾನು ಈಗ ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ. "ಬೋರ್‌ವೆಲ್ ಮೋಟರ್ ನೀರನ್ನು ಎತ್ತಿ ಹಾಕುತ್ತದೆ. ಕೆರೆಯ ತೂಬು ಎತ್ತುವುದಿಲ್ಲ, ತೆಗೆದರೆ ನೀರು ತಾನೇ ಇಳಿಯುತ್ತದೆ. ಇದು ಮೋಟರೋ ತೂಬೋ?"

ಇದು ತೂಬು. ಉಪ್ಪುನೀರಿನ ಸೂಕ್ಷ್ಮಜೀವಿಯೊಂದರಲ್ಲಿ 1971ರಲ್ಲಿ ಗುರುತಿಸಿದ ಬ್ಯಾಕ್ಟೀರಿಯೊರೊಡಾಪ್ಸಿನ್ ಮೋಟರ್ ಜಾತಿಯದು. ಒಂದು ಫೋಟಾನಿಗೆ ಒಂದೇ ಪ್ರೋಟಾನನ್ನು, ಅಂದರೆ ಹೈಡ್ರೋಜನ್ ಅಯಾನನ್ನು, ಕಷ್ಟಪಟ್ಟು ಆಚೆ ಹಾಕುತ್ತದೆ. ಚಾನೆಲ್‌ರೊಡಾಪ್ಸಿನ್ ತೆರೆದುಕೊಂಡಿರುವಷ್ಟು ಹೊತ್ತು ಅಯಾನುಗಳು ಸಾಲಾಗಿ ಇಳಿಯುತ್ತವೆ. ಇಳಿಯಲು ಬೇಕಾದ ಒತ್ತಡ ಅದರದಲ್ಲ. ಜೀವಂತ ನರಕೋಶ ತನ್ನ ಒಳಭಾಗವನ್ನು ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಋಣವಾಗಿ ಇಟ್ಟುಕೊಂಡಿರುತ್ತದೆ. ತೂಬು ತೆಗೆದರೆ ಧನ ಅಯಾನುಗಳು ಒಳನುಗ್ಗಿ ಆ ವ್ಯತ್ಯಾಸ ಕುಸಿಯುತ್ತದೆ, ನರಕೋಶ ಸಂಕೇತ ಹೊರಡಿಸುತ್ತದೆ. ಪಾಚಿಯಲ್ಲಾದರೆ ಕಶಾಂಗದ ಬೀಸು ಬದಲಾಗುತ್ತದೆ. 2005ರಲ್ಲಿ ಅಮೆರಿಕದ ಎಡ್ವರ್ಡ್ ಬಾಯ್ಡನ್, ಕಾರ್ಲ್ ಡೈಸರಾತ್ ಮತ್ತು ಜೊತೆಗಾರರು ಇದನ್ನು ಪ್ರಾಣಿಯ ನರಕೋಶದಲ್ಲಿ ಇಟ್ಟು, ಬೆಳಕು ಮಿಟುಕಿಸಿದಂತೆಲ್ಲ ಸಂಕೇತ ಹೊರಡುವುದನ್ನು ತೋರಿಸಿದರು.

"ಹಾಗಾದರೆ ಕೆರೆಯೇ ಒಣಗಿದ್ದರೆ ತೂಬು ತೆಗೆದೂ ಫಲವಿಲ್ಲ" ಎಂದರು ತಂದೆ. ಇಡೀ ಪ್ರಕರಣದ ಮೊದಲ ತಿರುವು ಈ ಮಾತು. ಸತ್ತ ಕೋಶಕ್ಕೆ ಈ ಪ್ರೋಟೀನ್ ಜೀವ ತುಂಬುವುದಿಲ್ಲ. ರೆಟಿನೈಟಿಸ್ ಪಿಗ್ಮೆಂಟೋಸಾದಲ್ಲಿ ಬೆಳಕು ಹಿಡಿಯುವ ಕೋಶಗಳು ಸತ್ತರೂ ಮಿದುಳಿಗೆ ಸಂಕೇತ ಒಯ್ಯುವ ಗ್ಯಾಂಗ್ಲಿಯನ್ ಕೋಶಗಳಲ್ಲಿ ಹಲವು ಬದುಕಿರುತ್ತವೆ. 2021ರ ಚಿಕಿತ್ಸೆಯಲ್ಲಿ ಪ್ರೋಟೀನಿನ ಜೀನನ್ನು ನಿರುಪದ್ರವಿ ವೈರಸ್ ಒಂದರಲ್ಲಿ ಇಟ್ಟು, ಕಣ್ಣಿನೊಳಗೆ ಚುಚ್ಚಿ, ಆ ಗ್ಯಾಂಗ್ಲಿಯನ್ ಕೋಶಗಳೇ ಪಾಚಿಯ ಪ್ರೋಟೀನನ್ನು ತಯಾರಿಸುವಂತೆ ಮಾಡಿದ್ದರು.

ಅಲ್ಲಿಗೆ ತಾಯಿ ತಾವಾಗಿ ಪುಡಿಯ ಮಾತೆತ್ತಿದರು. "ತಿಂದರೆ ಅದು ಕಣ್ಣಿಗೆ ಹೋಗುವುದಿಲ್ಲವೇ ಮೇಡಂ?" ತಿಂದ ಪ್ರೋಟೀನ್ ಬೇಳೆಯದಾಗಲಿ ಮೊಟ್ಟೆಯದಾಗಲಿ ಹೊಟ್ಟೆಯಲ್ಲಿ ಚೂರುಚೂರಾಗಿ ಜೀರ್ಣವಾಗುತ್ತದೆ, ಇಡಿಯಾಗಿ ಕಣ್ಣಿನ ಕೋಶಪೊರೆಗೆ ಹೋಗಿ ಕೂರುವುದಿಲ್ಲ. ಅದೂ ಅಲ್ಲದೆ ಸ್ಪಿರುಲಿನಾ ಈ ಹಸಿರು ಪಾಚಿಯೇ ಅಲ್ಲ, ದ್ಯುತಿಸಂಶ್ಲೇಷಣೆ ಮಾಡುವ ಬ್ಯಾಕ್ಟೀರಿಯಾ. ಅದರಲ್ಲಿ ಬೀಟಾ ಕ್ಯಾರೋಟಿನ್ ಇದೆ, ಅದರಿಂದ ದೇಹ ವಿಟಮಿನ್ ಎ ಮಾಡಿಕೊಳ್ಳುತ್ತದೆ, ವಿಟಮಿನ್ ಎಯಿಂದಲೇ ರೆಟಿನಾಲ್ ಬರುತ್ತದೆ. ಮಾರುವವನು ಹಿಡಿದಿದ್ದ ಎಳೆ ಇದು. ಆದರೆ ನುಗ್ಗೆಸೊಪ್ಪಿನಿಂದ ಇವನ ಕಣ್ಣಿಗೆ ರೆಟಿನಾಲ್ ಎಂದೋ ಸಿಕ್ಕಿದೆ. ಕೊರತೆ ಇರುವುದು ಅದನ್ನು ಬಳಸುವ ಕೋಶಗಳದು. ನಾನು ಇಷ್ಟು ಹೇಳಿದಾಗ ತಾಯಿ ಕಣ್ಣು ಒರೆಸಿಕೊಂಡರು. ಚಿಕ್ಕಂದಿನಲ್ಲಿ ಸರಿಯಾಗಿ ಉಣಿಸಲಿಲ್ಲ ಎಂಬ ಅಪವಾದ ಹೊತ್ತು ಅವರು ಇಷ್ಟು ವರ್ಷ ಬದುಕಿದ್ದರು ಎಂಬುದು ನನಗೆ ಆಗ ತಿಳಿಯಿತು. ಅವರ ಉಣಿಸುವಿಕೆಯಲ್ಲಿ ಯಾವ ಲೋಪವೂ ಇರಲಿಲ್ಲ ಎಂದು ಬಿಡಿಸಿ ಹೇಳಿದೆ.

ಎರಡನೆಯ ತಿರುವು

ಮಂಜುನಾಥ ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ಪುಡಿ ಬೇಡವೆಂದಾದ ಮೇಲೆ ಅವನ ಪ್ರಶ್ನೆ ಬಂತು. ಹಾಗಾದರೆ ಆ ಚುಚ್ಚುಮದ್ದು ತನಗೆ ಸಿಗುತ್ತದೆಯೇ? ತೋಟ ಮಾರಿಯಾದರೂ ವಿದೇಶಕ್ಕೆ ಕಳಿಸುತ್ತೇವೆ ಎಂದು ತಂದೆ ಕೂಡಲೇ ಹೇಳಿದರು. ಒಂದು ಸುಳ್ಳು ಆಸೆಯ ಜಾಗಕ್ಕೆ ಇನ್ನೊಂದು ಬಂದು ಕೂರುವ ಕ್ಷಣ ಅದು. ಇಂಥ ಹೊತ್ತಿನಲ್ಲಿ ಸಂಶೋಧನೆ ಮುಂದುವರಿಯುತ್ತಿದೆ, ಕಾದು ನೋಡೋಣ ಎಂದು ಎದ್ದುಬಿಡುವುದು ಸುಲಭ. ಹಾಗೆ ಮಾಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆ 58 ವರ್ಷದ ವ್ಯಕ್ತಿಗೆ ಚಿಕಿತ್ಸೆಗೆ ಮುಂಚೆ ಬೆಳಕಿದೆಯೋ ಇಲ್ಲವೋ ಎಂಬುದಷ್ಟೇ ತಿಳಿಯುತ್ತಿತ್ತು. ಆಮೇಲೆಯೂ ವಸ್ತುಗಳು ಗೊತ್ತಾದದ್ದು ವಿಶೇಷ ಕನ್ನಡಕ ಹಾಕಿಕೊಂಡಾಗ ಮಾತ್ರ, ಅದೂ ತಿಂಗಳುಗಟ್ಟಲೆ ತರಬೇತಿಯ ನಂತರ. ಕನ್ನಡಕ ಏಕೆ ಬೇಕು ಎಂಬುದಕ್ಕೆ ಉತ್ತರ ಪ್ರೋಟೀನಿನ ರಚನೆಯಲ್ಲೇ ಇದೆ. ನಮ್ಮ ದಂಡಕೋಶದಲ್ಲಿ ಒಂದು ಫೋಟಾನ್ ಬಿದ್ದರೆ ಸಾಕು. ಅಲ್ಲಿ ಬೆಳಕು ಹಿಡಿಯುವ ಪ್ರೋಟೀನಾದ ರೊಡಾಪ್ಸಿನ್ ಒಂದರಿಂದ ಹತ್ತಾರು ಅಣುಗಳಿಗೆ, ಅವುಗಳಿಂದ ನೂರಾರು ಅಣುಗಳಿಗೆ ಸಂದೇಶ ಹಿಗ್ಗುತ್ತ ಹೋಗುತ್ತದೆ. ಪಾಚಿಯ ಪ್ರೋಟೀನಿನಲ್ಲಿ ಹಿಗ್ಗಿಸುವ ಏರ್ಪಾಡಿಲ್ಲ. ಒಂದು ಫೋಟಾನಿಗೆ ಒಂದು ತೂಬು, ಅದೂ ಬಹಳ ಕಿರಿದು. ಆದ್ದರಿಂದ ಸಾಮಾನ್ಯ ಕೋಣೆಯ ಬೆಳಕು ಸಾಲದು. ಕನ್ನಡಕದ ಕ್ಯಾಮೆರಾ ಎದುರಿನ ದೃಶ್ಯವನ್ನು ಹಿಡಿದು, ಅದನ್ನು ತೀವ್ರವಾದ ಕಿತ್ತಳೆ ಬೆಳಕಿನ ಮಿಡಿತಗಳಾಗಿಸಿ ರೆಟಿನಾದ ಮೇಲೆ ಬಿಡುತ್ತದೆ. ನೀಲಿ ಬೆಳಕನ್ನು ಅಷ್ಟು ಪ್ರಖರವಾಗಿ ಬಿಟ್ಟರೆ ರೆಟಿನಾಕ್ಕೆ ಅಪಾಯ. ಹಾಗಾಗಿ 590 ನ್ಯಾನೊಮೀಟರ್ ಸುತ್ತಮುತ್ತಲ ಬೆಳಕಿಗೆ ಸ್ಪಂದಿಸುವ ಕ್ರಿಮ್ಸನ್ ಎಂಬ ಬಗೆಯನ್ನು, ಇನ್ನೊಂದು ಜಾತಿಯ ಕ್ಲಾಮಿಡೊಮೊನಾಸ್‌ನಿಂದ ಪಡೆದು ತಿದ್ದಿದ್ದನ್ನು, ಆರಿಸಿದ್ದರು.

ಮಂಜುನಾಥನಿಗೆ ಹಗಲಲ್ಲಿ ಮುಖ ಕಾಣುತ್ತದೆ, ಬಣ್ಣ ತಿಳಿಯುತ್ತದೆ, ಪತ್ರಿಕೆ ಓದಬಲ್ಲ. ಪ್ರಯೋಗದ ಹಂತದಲ್ಲಿರುವ ಆ ಚಿಕಿತ್ಸೆ ಕೊಟ್ಟದ್ದಕ್ಕಿಂತ ಎಷ್ಟೋ ಹೆಚ್ಚಿನ ದೃಷ್ಟಿ ಅವನಲ್ಲಿ ಇನ್ನೂ ಇದೆ. ಎಲ್ಲ ಕೇಳಿಸಿಕೊಂಡು ಅವನು, "ಅಂದರೆ ಈಗ ಇರುವುದನ್ನು ನೋಡಿಕೊಳ್ಳಬೇಕು" ಎಂದ. ತೋಟ ಮಾರುವ ಮಾತು ಅಲ್ಲಿಗೆ ನಿಂತಿತು.

ಆಗಲೇ ಪವಿತ್ರಾ ಒಂದು ಸಂಗತಿ ನೆನಪಿಸಿದಳು. ಪುಡಿ ಶುರುಮಾಡಿದ ಕೆಲವು ತಿಂಗಳಿಂದ ಮಾವನಿಗೆ ಬಿಸಿಲಲ್ಲಿ ಕಣ್ಣು ಕೋರೈಸುತ್ತದೆ, ಎದುರು ಬರುವ ಗಾಡಿಯ ದೀಪ ಹರಡಿದಂತೆ ಕಾಣುತ್ತದೆ. ಬೆಳಕು ಒಳಗೆ ಹೋಗಲು ಶುರುವಾಗಿದೆ, ಪುಡಿ ಹತ್ತುತ್ತಿದೆ ಎಂದು ಮಾರುವವನು ಹೇಳಿದ್ದನಂತೆ. ಮನೆಯವರು ಪುಡಿಯನ್ನು ಬಿಡದಿರಲು ಇದೇ ನಿಜವಾದ ಕಾರಣ. ಹೊಸ ಲಕ್ಷಣ ಯಾವುದೇ ಇರಲಿ, ಕೂಡಲೇ ತಪಾಸಣೆಗೆ ಹೋಗಬೇಕು ಎಂದಷ್ಟೇ ನಾನು ಹೇಳಬಲ್ಲವಳಾಗಿದ್ದೆ. ಅವರು ಹೋದರು.

ಆದದ್ದು

ಎರಡೂ ಕಣ್ಣಿನ ಮಸೂರದ ಹಿಂಬದಿಯಲ್ಲಿ ಪೊರೆ ಬೆಳೆದಿತ್ತು. ರೆಟಿನೈಟಿಸ್ ಪಿಗ್ಮೆಂಟೋಸಾ ಇರುವವರಲ್ಲಿ ಇಂಥ ಪೊರೆ ಚಿಕ್ಕ ವಯಸ್ಸಿನಲ್ಲೇ ಬರುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಔಷಧಿ ಇಲ್ಲದ ಕಾಯಿಲೆಯೊಳಗೆ ವಾಸಿಮಾಡಬಲ್ಲ ತೊಂದರೆಯೊಂದು ಅಡಗಿತ್ತು, ಪುಡಿಯ ಭರವಸೆಯಲ್ಲಿ ಅದು ಒಂದು ವರ್ಷ ಬೆಳೆಯಿತು. ಒಂದು ಕಣ್ಣಿಗೆ ಶಸ್ತ್ರಚಿಕಿತ್ಸೆ ಆಯಿತು, ಆಮೇಲೆ ಇನ್ನೊಂದಕ್ಕೆ. ಕೋರೈಸುವುದು ಕಡಿಮೆಯಾಯಿತು, ಓದು ಹಗುರವಾಯಿತು. ಇರುಳುಗುರುಡು, ಬದಿಯ ನೋಟ ಹಾಗೆಯೇ ಇವೆ. ಅವು ಬದಲಾಗುವುದಿಲ್ಲ ಎಂದು ವೈದ್ಯರು ಮುಂಚೆಯೇ ತಿಳಿಸಿದ್ದರು.

ಓದಲು ಬರುವವನಿಗೆ ಅಂಗವಿಕಲ ಗುರುತಿನ ಚೀಟಿ ಸಿಗುವುದಿಲ್ಲ ಎಂದು ಊರಿನವರು ನಂಬಿಸಿದ್ದರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ದೃಷ್ಟಿಯ ತೀಕ್ಷ್ಣತೆಯನ್ನು ಮಾತ್ರ ನೋಡುವುದಿಲ್ಲ. ನೋಟದ ಹರವು 40 ಡಿಗ್ರಿಗಿಂತ ಕಡಿಮೆಯಾದರೂ ಮಂದದೃಷ್ಟಿ ಎಂದು, 10 ಡಿಗ್ರಿಗಿಂತ ಕಡಿಮೆಯಾದರೆ ಅಂಧತ್ವ ಎಂದು ಪರಿಗಣಿಸುತ್ತದೆ. ಹರವಿನ ಪರೀಕ್ಷೆ ಮಾಡಿಸಿ ಅರ್ಜಿ ಹಾಕಿದರು, ಚೀಟಿ ಬಂತು.

ಬೇಸಿನ್ ಮುಂದಿನ ಕೆಲಸವನ್ನು ಅವನು ಬಿಟ್ಟ. ಈಗ ಬೆಳಗಿನ ಹೊತ್ತು ಗೂಡು ಮಾರುಕಟ್ಟೆಗೆ ಹೋಗಿ ಖರೀದಿ ನೋಡಿಕೊಳ್ಳುತ್ತಾನೆ. ಗೂಡನ್ನು ಹೆಬ್ಬೆರಳಿನಿಂದ ಒತ್ತಿ ಅದರ ಗಟ್ಟಿತನ ಅಳೆಯುವುದು, ಕಿವಿಯ ಬಳಿ ಅಲ್ಲಾಡಿಸಿ ಒಳಗಿನ ಹುಳು ಹೇಗಿದೆ ಎಂದು ತಿಳಿಯುವುದು ಅವನಿಗೆ ತಂದೆಗಿಂತ ಚೆನ್ನಾಗಿ ಬರುತ್ತದೆ ಎಂದು ತಂದೆಯೇ ಹೇಳುತ್ತಾರೆ.

ಇಷ್ಟೆಲ್ಲ ಆದಮೇಲೆ ಪವಿತ್ರಾ ಒಬ್ಬಳೇ ಬಂದಳು. ಅವಳನ್ನು ಮಾವನಿಗೇ ಕೊಡುವುದೆಂದು ಮನೆಯಲ್ಲಿ ಬಹಳ ಹಿಂದೆಯೇ ಮಾತಾಗಿತ್ತು. ಪಾಚಿಯ ಸುದ್ದಿ ನಿಜವೋ ಸುಳ್ಳೋ ಎಂದು ಮೊದಲ ದಿನ ಕೇಳಿದ್ದರ ಹಿಂದೆ ಈ ಪ್ರಶ್ನೆಯೂ ಇತ್ತು, ಅದನ್ನು ಕೇಳುವಷ್ಟು ನಂಬಿಕೆ ಹುಟ್ಟಲು ಕಾಲ ಬೇಕಾಯಿತು. ವೈದ್ಯರ ಅಂದಾಜಿನಂತೆ ದೋಷ ತಂದೆತಾಯಿ ಇಬ್ಬರ ಕಡೆಯಿಂದಲೂ ಬಂದಿದ್ದರೆ, ಪ್ರತಿಯೊಬ್ಬರಲ್ಲೂ ತಂದೆಯಿಂದೊಂದು ತಾಯಿಯಿಂದೊಂದು ಎಂದು ಎರಡು ಪ್ರತಿಗಳಿರುವ ಆ ಜೀನಿನಲ್ಲಿ, ಮಂಜುನಾಥನ ಎರಡೂ ಪ್ರತಿಗಳು ದೋಷದವು. ಕಾಯಿಲೆ ಇಲ್ಲದ ಅವನ ಅಕ್ಕ ಒಂದು ದೋಷದ ಪ್ರತಿ ಹೊತ್ತಿರುವ ಸಾಧ್ಯತೆ ಮೂರರಲ್ಲಿ ಎರಡು. ಪವಿತ್ರಾಳ ತಂದೆ ಬೇರೆ ಮನೆತನದವರಾದ್ದರಿಂದ ಅವಳಿಗೆ ಅದು ಮೂರರಲ್ಲಿ ಒಂದು. ಅವಳು ಹೊತ್ತಿದ್ದರೆ ಈ ಮದುವೆಯಲ್ಲಿ ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆಯ ಸಾಧ್ಯತೆ ಎರಡರಲ್ಲಿ ಒಂದು. ಎಕ್ಸ್ ವರ್ಣತಂತುವಿನ ಮೂಲಕ, ಅಂದರೆ ಗಂಡುಮಕ್ಕಳಿಗೆ ತಾಯಿಯ ಕಡೆಯಿಂದ ಮಾತ್ರ, ಬರುವ ಬಗೆಯೂ ಇರುವುದರಿಂದ, ಪರೀಕ್ಷೆಯಿಲ್ಲದೆ ಈ ಲೆಕ್ಕ ಖಚಿತವಲ್ಲ.

ಜೀನ್ ಪರೀಕ್ಷೆಗೆ ಮನೆಯಲ್ಲಿ ಆಕ್ಷೇಪ ಬಂತು. ಯಾವ ಜೀನ್ ಕೆಟ್ಟಿದ್ದರೂ ಪಾಚಿಯ ಪ್ರೋಟೀನ್ ಕೆಲಸ ಮಾಡುತ್ತದೆ ಎಂದು ನೀವೇ ಹೇಳಿದ್ದಿರಲ್ಲ ಎಂದರು ದೊಡ್ಡಕ್ಕ. ಅದು ಸರಿ. ಆ ಚಿಕಿತ್ಸೆಗೆ ಜೀನ್ ಮುಖ್ಯವಲ್ಲ. ಆದರೆ 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಜೀನ್ ಚಿಕಿತ್ಸೆ ಆರ್‌ಪಿಇ65 ಎಂಬ ಒಂದೇ ಜೀನಿನ ದೋಷಕ್ಕೆ ಸಲ್ಲುತ್ತದೆ. ಎಬಿಸಿಎ4 ಜೀನ್ ಕೆಟ್ಟಿದ್ದರೆ ವಿಟಮಿನ್ ಎ ಮಾತ್ರೆ ಹೆಚ್ಚು ತಿನ್ನುವುದೇ ಹಾನಿ. ಇವೆಲ್ಲಕ್ಕಿಂತ ಮೊದಲು, ಒಬ್ಬ ಹುಡುಗಿ ತನ್ನ ಮದುವೆಯ ಬಗ್ಗೆ ತಾನೇ ತೀರ್ಮಾನಿಸಲು ಅದು ಬೇಕು.

ಪ್ರಕರಣದಿಂದ ತಿಳಿದದ್ದು

ತಂದೆ ಓದಿದ್ದು ಏಳನೆಯ ತರಗತಿ, ತಾಯಿ ಶಾಲೆಗೆ ಹೋಗಿಲ್ಲ. ಅಯಾನು, ಕೋಶಪೊರೆ, ರೆಟಿನಾಲ್ ಇವರಿಗೆ ಅರ್ಥವಾಗುವುದಿಲ್ಲ ಎಂದುಕೊಂಡು ತೀರ್ಪು ಮಾತ್ರ ಹೇಳಿದವರ ಮಾತು ನಿಲ್ಲಲಿಲ್ಲ. ಅರ್ಥವಾಗುವವರೆಗೂ ಕೂತಾಗ, ಪುಡಿ ಏಕೆ ನಡೆಯದು ಎಂಬುದನ್ನು ಅವರೇ ಕಂಡುಕೊಂಡರು, ಮೋಟರ್–ತೂಬಿನ ಪ್ರಶ್ನೆ ಎಷ್ಟೋ ವಿದ್ಯಾರ್ಥಿಗಳಿಗೆ ಹೊಳೆಯದ ಪ್ರಶ್ನೆ. ಇಲ್ಲಿ ಯಾರೂ ಅಂಧಶ್ರದ್ಧೆಯಿಂದ ಮೋಸ ಹೋಗಿರಲಿಲ್ಲ. ಅರ್ಧ ವಿಜ್ಞಾನ ಕೇಳಿ ಮೋಸ ಹೋಗಿದ್ದರು, ಉಳಿದರ್ಧ ಕೇಳುವ ಹಕ್ಕು ಅವರಿಗಿತ್ತು.

ಪವಾಡದ ಸುದ್ದಿ ಹಿಡಿದು ಬರುವವರಿಗೆ ಮೂರು ವಿಷಯ ಬಿಡಿಸಿ ಹೇಳಲೇಬೇಕು ಎಂದು ನನಗೆ ಅನ್ನಿಸಿದೆ: ಚಿಕಿತ್ಸೆ ಪಡೆದವರ ಸ್ಥಿತಿ ಮುಂಚೆ ಹೇಗಿತ್ತು, ಆಮೇಲೆ ಏನು ಸಾಧ್ಯವಾಯಿತು, ಯಾವ ಸಲಕರಣೆಯೊಂದಿಗೆ. ಜೊತೆಗೆ, ಹೊಸದಾಗಿ ಏನಾದರೂ ತೊಂದರೆ ಕಾಣಿಸಿದೆಯೇ ಎಂದು ಮರೆಯದೆ ಕೇಳಬೇಕು. ಕಣ್ಣಿನ ಪೊರೆ ಸಿಕ್ಕಿದ್ದು ಪವಿತ್ರಾ ಹೇಳಿದ್ದರಿಂದ; ಅವಳು ಆ ದಿನ ಅಲ್ಲಿ ಇಲ್ಲದಿದ್ದರೆ ಅದು ಇನ್ನೂ ಬೆಳೆಯುತ್ತಿತ್ತು.

ಮಂಜುನಾಥ, ಅವನ ಅಕ್ಕ ಮತ್ತು ಪವಿತ್ರಾ ಮೂವರೂ ಪರೀಕ್ಷೆಗೆ ರಕ್ತ ಕೊಟ್ಟಿದ್ದಾರೆ. ವರದಿ ಬರುವವರೆಗೆ ಮದುವೆಯ ಮಾತು ಬೇಡ ಎಂದು ಮನೆಯಲ್ಲಿ ಹೇಳಿದವನು ಮಂಜುನಾಥನೇ. ವರದಿಯನ್ನು ಓದಿ ಹೇಳುವಾಗ ತಜ್ಞರ ಎದುರು ತನ್ನ ಜೊತೆ ತಾಯಿ ಮಾತ್ರ ಇರಬೇಕೆಂದು ಪವಿತ್ರಾ ಕೇಳಿಕೊಂಡಿದ್ದಾಳೆ, ಅದಕ್ಕೆ ಎಲ್ಲರೂ ಒಪ್ಪಿದ್ದಾರೆ.